ಕಾಲಕ್ಕೆ ಬಂದ ಊಟ

ಅಡಿಗೆಮನೆಗೂ ಒಂದು ಪಂಚಾಂಗವುಂಟು. ರೋಮ್ ನಗರದ ಹಳೆಯ ಸಣ್ಣ ಹೋಟೆಲುಗಳಲ್ಲಿ ಇದನ್ನು ಇಂದಿಗೂ ಕಾಣಬಹುದು. ಗುರುವಾರ ನ್ಯೊಕ್ಕಿ ಎಂಬ ಆಲೂಗಡ್ಡೆಯ ಪುಟ್ಟ ಕಡುಬು, ಶುಕ್ರವಾರ ಮೀನು ಎಂಬುದು ಅಲ್ಲಿಯ ರೂಢಿಮಾತು. ಶುಕ್ರವಾರ ಮಾಂಸ ವರ್ಜಿಸುವ ಧರ್ಮಸಭೆಯ ನಿಯಮ ಹೀಗೆ ಊಟದ ಪಟ್ಟಿಯಲ್ಲೇ ಉಳಿದುಕೊಂಡಿದೆ. ವಾರಕ್ಕೆ ಈ ಕ್ರಮವಿದ್ದಂತೆ ವರ್ಷಕ್ಕೆ ಋತುಗಳ ಕ್ರಮ. ಯಾವ ತಿಂಗಳಲ್ಲಿ ಭೂಮಿ ಏನು ಕೊಡುತ್ತದೋ ಅದೇ ಅಂದಿನ ಅಡಿಗೆ.

ವಸಂತದಲ್ಲಿ ಅಲ್ಲಿ 'ವಿನ್ಯರೋಲ' ಎಂಬ ಪಲ್ಯ ಮಾಡುತ್ತಾರೆ. ಅದಕ್ಕೆ ಮುಖ್ಯವಾಗಿ ಬೇಕಾದವು ಮೂರು: ದೊಡ್ಡ ಹೂಮೊಗ್ಗಿನಂತಿರುವ ಆರ್ಟಿಚೋಕ್, ಫಾವ ಎಂಬ ಅಗಲ ಕಾಳು, ಹಸಿ ಬಟಾಣಿ. ನಾವು ಅವರೆ ಹಿತುಕುವಂತೆ ಫಾವ ಕಾಳಿನ ಒಳಸಿಪ್ಪೆಯನ್ನೂ ಬಿಡಿಸುವುದುಂಟು. ಎಳೆ ಈರುಳ್ಳಿ, ಲೆಟ್ಯೂಸ್ ಸೊಪ್ಪು, ಆಲಿವ್ ಎಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಆರ್ಟಿಚೋಕ್ ಬೆಳೆ ಮುಗಿಯುತ್ತಾ ಬಂದಾಗ ಫಾವ, ಬಟಾಣಿ ಶುರುವಾಗುತ್ತವೆ. ಮೂರೂ ಎಳೆಯದಾಗಿ ಒಟ್ಟಿಗೆ ಸಿಗುವುದು ಕೆಲವೇ ವಾರ.

ನಾನು ರೋಮಿನಲ್ಲಿ ಓದುತ್ತಿದ್ದಾಗ ಏಪ್ರಿಲ್ ತಿಂಗಳ ಒಂದು ರಾತ್ರಿ ಇದನ್ನು ಮೊದಲ ಸಲ ಉಂಡೆ. ಜೊತೆಗಿದ್ದ ಗುರುಮಿತ್ರರೊಬ್ಬರು ಚಳಿಗಾಲದ ಪುಂತರೆಲ್ಲೆ ಸೊಪ್ಪು ಬೇಕೆಂದರು. "ಅದರ ಕಾಲ ಮುಗಿಯಿತು, ಫಾದರ್. ಇಂದು ಇರುವುದನ್ನು ಉಣ್ಣಿ. ಇನ್ನೊಂದು ತಿಂಗಳಿಗೆ ಇದೂ ಇರುವುದಿಲ್ಲ" ಎಂದರು ಹೋಟೆಲಿನ ಯಜಮಾನರು. ಪಕ್ಕದ ಮೇಜಿನಲ್ಲಿ ಅಜ್ಜಿ, ಮಗ, ಸೊಸೆ, ಪುಟ್ಟ ಮೊಮ್ಮಗಳು ಅದೇ ಪಲ್ಯವನ್ನು ಹಂಚಿಕೊಂಡು ಉಣ್ಣುತ್ತಿದ್ದರು. ಅಜ್ಜಿ ಬಟಾಣಿ ಆರಿಸಿ ಮಗುವಿನ ತಟ್ಟೆಗೆ ಹಾಕುತ್ತಿದ್ದರು.

ಪ್ರಿಯ ಓದುಗರೇ, ಕುಟುಂಬಕ್ಕೂ ಇಂಥ ಒಂದು ಕಾಲವಿದೆ. ಅಜ್ಜ ಅಜ್ಜಿ ಇನ್ನೂ ನಮ್ಮೊಡನಿರುವ, ಮಕ್ಕಳು ಇನ್ನೂ ಮನೆ ಬಿಟ್ಟು ಹೋಗದ ಕೆಲವು ವರ್ಷ ಮಾತ್ರ ಮೂರು ತಲೆಮಾರಿನವರು ಒಂದೇ ಊಟಕ್ಕೆ ಕೂರಲು ಸಾಧ್ಯ. ಆಮೇಲೆ ಮಕ್ಕಳು ಓದಿಗೆ, ಕೆಲಸಕ್ಕೆ ಹೊರಡುತ್ತಾರೆ. ಹಿರಿಯರ ಜಾಗ ಬರಿದಾಗುತ್ತದೆ. ಆಗ ಎಷ್ಟು ಹಣ ಕೊಟ್ಟರೂ ಆ ಊಟ ಸಿಗದು.

ಹೆಚ್ಚು ತಿನ್ನುವುದು ಮಾತ್ರ ಹೊಟ್ಟೆಬಾಕತನವೆಂದು ನಾವು ಭಾವಿಸುತ್ತೇವೆ. ಸಂತ ತೋಮಸ್ ಅಕ್ವಿನಾಸರು, ಮಹಾ ಸಂತ ಗ್ರೆಗರಿಯವರನ್ನು ಅನುಸರಿಸಿ, ಅದರಲ್ಲಿ ಐದು ಬಗೆ ಹೇಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ಮಿತಿಮೀರುವುದು, ಆತುರಪಡುವುದು, ಅತಿ ನಾಜೂಕು ಕೇಳುವುದು. ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಮನೆಯವರಿಗಾಗಿ ಕಾಯದೆ, ಮೊಬೈಲ್ ಹಿಡಿದು ಒಬ್ಬೊಬ್ಬರೇ ಉಂಡು ಏಳುವುದೂ ಇದಕ್ಕೆ ಹತ್ತಿರದ್ದೇ. ಕಾಯಲಾರದವರಿಗೆ ಅನ್ನ ದೇವರ ಕೊಡುಗೆಯಾಗಿ ಕಾಣುವುದು ಕಷ್ಟ.

ಪ್ರಭು ಯೇಸು ತಮ್ಮ ಯಾತನೆಗೆ ಮುಂಚೆ ಶಿಷ್ಯರೊಡನೆ ಪಾಸ್ಕ ಭೋಜನ ಮಾಡಲು ಬಹಳವಾಗಿ ಹಂಬಲಿಸಿದ್ದನ್ನು ಸಂತ ಲೂಕರು ತಮ್ಮ ಶುಭಸಂದೇಶದ 22ನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಉಳಿದಿರುವ ಕಾಲ ಕಡಿಮೆಯೆಂದು ಬಲ್ಲ ಪ್ರಭು ಆ ಸಂಜೆಯನ್ನು ತಮ್ಮವರೊಡನೆ ಊಟಕ್ಕೆಂದು ಇಟ್ಟುಕೊಂಡರು.

ಈ ವಾರ ಮನೆಯಲ್ಲಿ ಆಚರಿಸಲು:

1. ಒಂದು ರಾತ್ರಿಯಾದರೂ ಎಲ್ಲರೂ ಬರುವ ತನಕ ಕಾದು ಒಟ್ಟಿಗೆ ಉಣ್ಣಿ.

2. ಊಟದ ಮುಂಚೆ ಮತ್ತು ನಂತರ ವಂದನೆ ಸಲ್ಲಿಸಿ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ ಈ ರೂಢಿಗೆ ಮರಳುವಂತೆ ಎಲ್ಲ ವಿಶ್ವಾಸಿಗಳನ್ನೂ ಕೇಳಿಕೊಂಡಿದ್ದರು.

3. ಹಿರಿಯರಿಗೆ ಮೊದಲು ಬಡಿಸಿ; ಅವರ ಬಾಲ್ಯದ ಊಟದ ಬಗ್ಗೆ ಮಕ್ಕಳು ಕೇಳಲಿ.