ಬ್ಯಾಟರಿ ಗಾಡಿ ಮೈಗೆ ಹೊಂದಬೇಕು

ವಿಕಲಚೇತನರಿಗೆ ಕೇಂದ್ರ ಸರಕಾರದ ಎಡಿಐಪಿ ಯೋಜನೆಯಲ್ಲಿ ಬ್ಯಾಟರಿ ತ್ರಿಚಕ್ರ ಗಾಡಿ ಸಿಗುತ್ತದೆ. 1972ರಲ್ಲಿ ಕಾನಪುರದಲ್ಲಿ ಸ್ಥಾಪನೆಯಾದ ಅಲಿಮ್ಕೋ ಸಂಸ್ಥೆ ಇಂಥ ಗಾಡಿ ತಯಾರಿಸುತ್ತದೆ. ಆದರೆ ಗಾಡಿಯ ಅಳತೆ ಒಂದೇ, ಕೂಡುವವರ ಮೈ ಬೇರೆ ಬೇರೆ. ಆದ್ದರಿಂದ ಓಡಿಸುವ ಮೊದಲು ಇವನ್ನು ಸರಿಮಾಡಿಸಿಕೊಳ್ರಿ.

1. ಸೀಟು: ಹೊರಸಿನ ಎತ್ತರಕ್ಕೆ ಸಮ ಇದ್ದರೆ ಜಾರಿ ಕೂಡಲು ಸುಲಭ. ಹತ್ತುವಾಗ ಕೈಬ್ರೇಕ್ ಹಾಕಿರಲೇಬೇಕು.

2. ಕೈ: ಎಕ್ಸಲೇಟರ್, ಬ್ರೇಕ್ ಎರಡೂ ಬಲವಿರುವ ಕೈಗೆ ಎಟುಕಲಿ. ಬ್ರೇಕ್ ಹಿಡಿದ ಕೂಡಲೇ ಮೋಟಾರು ನಿಲ್ಲಬೇಕು.

3. ಕಾಲು: ಸ್ಪರ್ಶ ಇಲ್ಲದ ಕಾಲು ಜಾರಿ ನೆಲಕ್ಕೆ ಉಜ್ಜಿದರೂ ಗೊತ್ತಾಗುವುದಿಲ್ಲ. ಕಾಲುಹಲಗೆಗೆ ಹಿಮ್ಮಡಿ ತಡೆ, ಅಗಲವಾದ ಮೆತ್ತನೆ ಪಟ್ಟಿ ಹಾಕಿಸಿರಿ.

4. ಮೆತ್ತೆ: ಒಂದೇ ಸಮ ಕೂತರೆ ರಕ್ತ ಓಡದೆ ಹುಣ್ಣಾಗುತ್ತದೆ. ಆಗಾಗ ಕೈ ಊರಿ ಮೈ ಎತ್ತಿರಿ. ಸಂಜೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ರಿ. ಕೆಂಪಾಗಿದ್ದರೆ ಅದು ಹೋಗುವತನಕ ಅಲ್ಲಿ ಭಾರ ಬೀಳಬಾರದು.

5. ದಾರಿ: ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರೆಮಣ್ಣು ಮಳೆಯಲ್ಲಿ ಗಾಲಿಗೆ ಮೆತ್ತಿಕೊಳ್ಳುತ್ತದೆ, ಹೊಲದ ದಾರಿ ಬಿಡ್ರಿ. ತಿರುವಿನಲ್ಲಿ ನಿಧಾನ, ಮೂರು ಗಾಲಿ ಬೇಗ ಪಲ್ಟಿಯಾಗುತ್ತದೆ.

ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿ, ವಾಯರು ಬಿಚ್ಚಿಸಿರಿ. ಚೌಕಟ್ಟು ಕತ್ತರಿಸಬೇಡ್ರಿ.

ಗಾಡಿ ಇನ್ನೂ ಸಿಗದವರು ಯುಡಿಐಡಿ ಕಾರ್ಡಿನೊಂದಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ: ನಮ್ಮೂರಲ್ಲಿ ಯಾರದಾದರೂ ಗಾಡಿ ಮೂಲೆಗೆ ನಿಂತಿದೆಯೇ? ಗಾಡಿ ಕೆಟ್ಟಿದೆಯೋ, ಇಲ್ಲಾ ಅವರ ಮೈಗೆ ಹೊಂದಿಲ್ಲವೋ? ಅವರನ್ನೇ ಕೇಳೋಣ.