ಉಪಗ್ರಹ ಚಿತ್ರ ವಿಶ್ಲೇಷಣೆ ಮತ್ತು ಬರ ನಿರ್ಧಾರ

ಭೂಮೇಲ್ಮೈಯನ್ನು ಮುಟ್ಟದೆ, ಅಲ್ಲಿಂದ ಪ್ರತಿಫಲಿಸುವ ವಿಕಿರಣವನ್ನು ಉಪಗ್ರಹದ ಸಂವೇದಕಗಳಿಂದ ಅಳೆದು ಮಾಹಿತಿ ಪಡೆಯುವ ವಿಧಾನವನ್ನು ದೂರಸಂವೇದನೆ ಎನ್ನುತ್ತಾರೆ. ಆ ಚಿತ್ರಗಳನ್ನು ಅಕ್ಷಾಂಶ-ರೇಖಾಂಶಗಳಿಗೆ ಹೊಂದಿಸಿ, ಗ್ರಾಮದ ಗಡಿ, ಮಣ್ಣು, ಮಳೆ ಮುಂತಾದ ಪದರಗಳೊಡನೆ ಜೋಡಿಸಿ ವಿಶ್ಲೇಷಿಸುವ ವ್ಯವಸ್ಥೆಯೇ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಕ್ಯೂಜಿಐಎಸ್ ಈ ಬಗೆಯ ಮುಕ್ತ ತಂತ್ರಾಂಶವಾಗಿದ್ದು, ಉಪಗ್ರಹ ಚಿತ್ರಗಳನ್ನು ನಕ್ಷೆಯಾಗಿ ತೋರಿಸುವ ಇಸ್ರೋದ ‘ಭುವನ್’ ಜಾಲತಾಣವು 2009ರಲ್ಲಿ ಆರಂಭವಾಯಿತು.

ಎನ್‌ಡಿವಿಐ: ಆರೋಗ್ಯವಂತ ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು ಸಮೀಪದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ, ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ಬರುವ, -1ರಿಂದ +1ರ ನಡುವಿನ ಈ ಸಸ್ಯ ಸೂಚ್ಯಂಕವು ಬೆಳೆಯ ಸ್ಥಿತಿಯನ್ನು ತೋರಿಸುತ್ತದೆ. ಉದಾಹರಣೆಗೆ, ಅವಕೆಂಪು ಪ್ರತಿಫಲನ 0.50, ಕೆಂಪು 0.10 ಇದ್ದರೆ ಸೂಚ್ಯಂಕ ಸುಮಾರು 0.67, ಬೆಳೆ ಬಾಡಿ ಅವು 0.30 ಮತ್ತು 0.20 ಆದರೆ 0.20ಕ್ಕೆ ಇಳಿಯುತ್ತದೆ.

ಆಡಳಿತದಲ್ಲಿ ಬಳಕೆ: ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆ ಕೊರತೆ, ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶಗಳೊಂದಿಗೆ ಉಪಗ್ರಹ ಆಧಾರಿತ ಸಸ್ಯ ಸೂಚ್ಯಂಕವನ್ನೂ ಪರಿಗಣಿಸುತ್ತದೆ. ಆದರೂ ಕಳೆಯೂ ಹಸಿರಾಗಿಯೇ ಕಾಣುವುದರಿಂದ, ರೈತರ ಪರಿಹಾರಕ್ಕೆ ಸಂಬಂಧಿಸಿದ ನಿರ್ಧಾರಕ್ಕೆ ಮುನ್ನ ಹೊಲದಲ್ಲಿ ಕ್ಷೇತ್ರ ಪರಿಶೀಲನೆ ನಡೆಸುವುದು ಅತ್ಯಗತ್ಯ.

ನೆನಪಿಡಬೇಕಾದ ಅಂಶ: ಮೋಡ ಕವಿದಾಗ ದ್ಯುತಿ ಸಂವೇದಕಗಳು ನೆಲವನ್ನು ಕಾಣಲಾರವು, ಆದರೆ ರೇಡಾರ್ ತರಂಗಗಳು ಮೋಡವನ್ನು ದಾಟುವುದರಿಂದ ಪ್ರವಾಹ ನಕ್ಷೆಗೆ ಅವುಗಳನ್ನೇ ಹೆಚ್ಚಾಗಿ ಅವಲಂಬಿಸಲಾಗುತ್ತದೆ.