ಸಂಶೋಧನಾರ್ಥಿ ಮತ್ತು ವಿಭಾಗದ ಆಡಳಿತ: ಸಂವಹನದ ನೆಲೆಗಳು

1. ಪೀಠಿಕೆ

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಸಂಶೋಧನೆಯ ಗುಣಮಟ್ಟವನ್ನು ಕುರಿತ ಚರ್ಚೆಯು ಸಾಮಾನ್ಯವಾಗಿ ವಿಷಯದ ಆಯ್ಕೆ, ಆಕರಗಳ ಬಳಕೆ ಹಾಗೂ ವೈಧಾನಿಕತೆಯ ಸುತ್ತ ನಡೆಯುತ್ತದೆ. ಸಂಶೋಧನಾರ್ಥಿಗೂ ವಿಭಾಗದ ಅಧ್ಯಕ್ಷರಿಗೂ ನಡುವಣ ಸಂವಹನವು ಕೇವಲ ಆಡಳಿತದ ಸಂಗತಿಯೆನಿಸಿ ಚರ್ಚೆಯ ಹೊರಗೆ ಉಳಿಯುತ್ತದೆ. ಆದರೆ ಆಕರಗಳ ಕೊರತೆಯಂತೆಯೇ, ಸಕಾಲಕ್ಕೆ ತಲುಪದ ಮಾಹಿತಿಯೂ ಹೇಳಿಕೊಳ್ಳಲಾಗದ ತೊಡಕೂ ಮಹಾಪ್ರಬಂಧವೊಂದನ್ನು ನಡುದಾರಿಯಲ್ಲೇ ನಿಲ್ಲಿಸಬಲ್ಲವು.

2. ನಿಯಮಗಳ ಚೌಕಟ್ಟು

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯಂತೆ ಪ್ರತಿಯೊಬ್ಬ ಸಂಶೋಧನಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಸಂಶೋಧನಾರ್ಥಿಯು ಪ್ರತಿ ಸೆಮಿಸ್ಟರಿನಲ್ಲಿ ಈ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಸಮಿತಿಯ ಶಿಫಾರಸಿನ ಪ್ರತಿ ಆತನಿಗೂ ದೊರೆಯಬೇಕು. ಪ್ರಗತಿ ತೃಪ್ತಿಕರವಲ್ಲದಿದ್ದರೆ ಸಮಿತಿಯು ಕಾರಣಗಳನ್ನು ದಾಖಲಿಸಿ ಸುಧಾರಣೆಯ ಮಾರ್ಗವನ್ನು ಸೂಚಿಸಬೇಕು. ಅಂದರೆ ಲಿಖಿತ ಸಂವಹನವು ಇಲ್ಲಿ ಸೌಜನ್ಯವಲ್ಲ, ಕರ್ತವ್ಯ. 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯು ಇದಕ್ಕೆ ಪೂರಕವಾಗಿ ಕುಂದುಕೊರತೆ ಸಮಿತಿ ಹಾಗೂ ಓಂಬಡ್ಸ್‌ಪರ್ಸನ್ ವ್ಯವಸ್ಥೆಯನ್ನು ಕಲ್ಪಿಸಿದೆ.

3. ತೊಡಕುಗಳು

ಮೊದಲನೆಯದು ಸಮಿತಿಯ ರಚನೆಗೆ ಸಂಬಂಧಿಸಿದುದು. ಮಾರ್ಗದರ್ಶಕರೇ ಸಲಹಾ ಸಮಿತಿಯ ಸಂಚಾಲಕರಾಗಿರುತ್ತಾರೆ. ಅಧ್ಯಾಯವನ್ನು ಓದಿಕೊಡುವಲ್ಲಿ ಆಗುತ್ತಿರುವ ವಿಳಂಬವನ್ನು ಅವರೇ ಕರೆದ ಸಭೆಯಲ್ಲಿ ಹೇಳುವುದು ಸಂಶೋಧನಾರ್ಥಿಗೆ ಸುಲಭವಲ್ಲ. ಮಾರ್ಗದರ್ಶಕರೇ ವಿಭಾಗದ ಅಧ್ಯಕ್ಷರೂ ಆಗಿದ್ದರೆ ವಿಭಾಗದೊಳಗೆ ಬೇರೆ ಬಾಗಿಲೇ ಇರುವುದಿಲ್ಲ.

ಎರಡನೆಯದು ಮೌಖಿಕ ಭರವಸೆಗಳನ್ನು ನೆಚ್ಚುವ ರೂಢಿ. ಕ್ಷೇತ್ರಕಾರ್ಯಕ್ಕೆ ಅನುಮತಿ, ಶಿಷ್ಯವೇತನದ ಕಡತ, ವಿಷಯದ ಬದಲಾವಣೆ ಮೊದಲಾದವು ಬಾಯಿಮಾತಿನಲ್ಲೇ ಇತ್ಯರ್ಥವಾದರೆ, ಅಧ್ಯಕ್ಷಸ್ಥಾನ ಸರದಿಯಂತೆ ಬದಲಾದಾಗ ಆ ಮಾತಿಗೆ ಆಧಾರವೇ ಇಲ್ಲದಂತಾಗುತ್ತದೆ.

ಮೂರನೆಯದು ಸಾಂಸ್ಕೃತಿಕವಾದುದು. ಗುರುವಿಗೆ ಎದುರಾಡಬಾರದೆಂಬ ಸಂಸ್ಕಾರವು ಪ್ರಶ್ನೆಯನ್ನೂ ಅವಿಧೇಯತೆಯನ್ನೂ ಒಂದಾಗಿಸುತ್ತದೆ. ಕುಟುಂಬದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲೇರಿದವರಿಗೆ ಕಚೇರಿಯ ಭಾಷೆಯೂ ಅಪರಿಚಿತ. ಅಂಥವರ ಮೌನವನ್ನು ತೃಪ್ತಿಯೆಂದು ಓದುವುದು ತಪ್ಪು ಓದು.

4. ಕೆಲವು ಸೂಚನೆಗಳು

ಅ) ಪ್ರವೇಶದ ಆರಂಭದಲ್ಲೇ ಗಡುವು, ಶುಲ್ಕ, ರಜೆ, ಅವಧಿ ವಿಸ್ತರಣೆಯ ವಿವರಗಳನ್ನು ಸರಳ ಕನ್ನಡದ ಕೈಪಿಡಿಯಾಗಿ ನೀಡಬೇಕು.

ಆ) ಅಧ್ಯಕ್ಷರು ಸೆಮಿಸ್ಟರಿಗೊಮ್ಮೆಯಾದರೂ ಎಲ್ಲ ಸಂಶೋಧನಾರ್ಥಿಗಳ ಸಭೆ ಕರೆದು, ನಡಾವಳಿಯನ್ನು ಬರೆದಿಡಿಸಿ, ಹಿಂದಿನ ತೀರ್ಮಾನಗಳು ಏನಾದವೆಂಬುದನ್ನು ಮೊದಲು ತಿಳಿಸಬೇಕು.

ಇ) ಮಾರ್ಗದರ್ಶಕರಲ್ಲದ ಹಿರಿಯ ಅಧ್ಯಾಪಕರೊಬ್ಬರನ್ನು ಅಹವಾಲು ಕೇಳಲು ನಿಯೋಜಿಸಬೇಕು.

ಈ) ಸಂಶೋಧನಾರ್ಥಿಯೂ ಮಾರ್ಗದರ್ಶಕರೊಡನೆ ನಡೆದ ಚರ್ಚೆಯ ಸಾರವನ್ನು ದಿನಾಂಕಸಹಿತ ಬರೆದು ಅವರಿಗೊಪ್ಪಿಸುವ ರೂಢಿ ಬೆಳೆಸಿಕೊಳ್ಳಬೇಕು.

5. ಸಮಾರೋಪ

ಈ ಕ್ರಮಗಳಿಗೆ ಹೆಚ್ಚಿನ ಅನುದಾನ ಬೇಕಿಲ್ಲ. ಬೇಕಾದುದು ಬರವಣಿಗೆಯ ಶಿಸ್ತು ಮತ್ತು ಕೇಳುವ ವ್ಯವಧಾನ. ಪಿಎಚ್.ಡಿ.ಗೆ ನಿಗದಿಯಾದ ಸಾಮಾನ್ಯ ಗರಿಷ್ಠ ಅವಧಿ 6 ವರ್ಷ. ಅದರಲ್ಲಿ ಒಂದು ಉತ್ತರಕ್ಕಾಗಿ ಕಾಯುತ್ತ ಕಳೆದ ತಿಂಗಳುಗಳು ಸಂಶೋಧನಾರ್ಥಿಗೆ ಮರಳಿ ದೊರೆಯುವುದಿಲ್ಲ. ಪಠ್ಯದ ಮೌನಗಳನ್ನು ಓದಲು ಕಲಿಸುವ ಕನ್ನಡ ವಿಭಾಗಗಳು ತಮ್ಮ ವಿದ್ಯಾರ್ಥಿಗಳ ಮೌನವನ್ನೂ ಓದಬೇಕಾಗಿದೆ.